ಕಾಡಿನ ಕೋತಿಗಳ ಕಣ್ಣು, ಮೂಗು, ಕಿವಿ, ಬೆರಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋತಿಗಳ ಇಂದ್ರಿಯಗಳನ್ನು ತಿಳಿಯಲು ಪ್ರಯೋಗಾಲಯ ಸಾಲದೇ? ಕಾಡಿಗೇ ಏಕೆ ಹೋಗಬೇಕು?

ಪ್ರಯೋಗಾಲಯದಲ್ಲಿ ಗೊತ್ತಾಗುವುದು ಇಂದ್ರಿಯದ ಸಾಮರ್ಥ್ಯ, ಕಾಡಿನಲ್ಲಿ ಗೊತ್ತಾಗುವುದು ಅದರ ಬಳಕೆ. ಇವೆರಡರ ನಡುವಿನ ಅಂತರವೇ ಈ ಸಂಶೋಧನೆಯ ವಸ್ತು. ಮಥಿಯಾಸ್ ಲಾಸ್ಕಾ ಮತ್ತು ಸಂಗಡಿಗರು ತರಬೇತಿ ಪಡೆದ ಅಳಿಲು ಕೋತಿ, ಜೇಡ ಕೋತಿಗಳ ಮೂಗನ್ನು 1990ರ ದಶಕದಿಂದ ಪರೀಕ್ಷಿಸುತ್ತ ಬಂದಾಗ, ಕೆಲವು ವಾಸನೆಗಳ ಮಟ್ಟಿಗೆ ಅವು ನಾಯಿ, ಇಲಿಗಳಿಗೂ ಸರಿಸಾಟಿ ಎಂಬುದು ಕಂಡುಬಂತು. ಕಣ್ಣನ್ನು ನೆಚ್ಚಿ ಮೂಗನ್ನು ಬಿಟ್ಟುಕೊಟ್ಟ ಪ್ರಾಣಿಗಳಿವು ಎಂಬ ಹಳೆಯ ತಿಳಿವಳಿಕೆಗೆ ಬಿದ್ದ ದೊಡ್ಡ ಪೆಟ್ಟು ಇದು. ಆದರೆ ಗಾಳಿ ದಿಕ್ಕು ಬದಲಿಸುತ್ತಿರುವ, ಹತ್ತಾರು ವಾಸನೆಗಳು ಬೆರೆತಿರುವ, ಪಕ್ಕದ ಕೊಂಬೆಯಲ್ಲಿ ಬಲಿಷ್ಠ ಗಡವವೊಂದು ಕುಳಿತಿರುವ ಮರದಲ್ಲಿ ಅದೇ ಕೋತಿ ಹಣ್ಣನ್ನು ಮೂಸಿ ನೋಡುತ್ತದೆಯೇ, ಮೂಸುವಷ್ಟು ವ್ಯವಧಾನ ಅದಕ್ಕೆ ಇರುತ್ತದೆಯೇ ಎಂಬುದನ್ನು ಪಂಜರದ ಪರೀಕ್ಷೆ ಹೇಳಲಾರದು.

ಪ್ರಯೋಗಾಲಯ ಬೇಡವೆಂದು ಇದರ ಅರ್ಥವಲ್ಲ. ಬಣ್ಣವನ್ನು ಗುರುತಿಸುವ ಕಣ್ಣಿನ ಶಂಕುಕೋಶಗಳು ಯಾವ ಬೆಳಕಿಗೆ ಸ್ಪಂದಿಸುತ್ತವೆ, ಕಿವಿ ಎಷ್ಟು ಎತ್ತರದ ದನಿಯನ್ನು ಹಿಡಿಯುತ್ತದೆ ಎಂಬ ಅಳತೆಗಳು ಅಲ್ಲಿಂದಲೇ ಬರಬೇಕು. ಆ ಅಳತೆಗಳಿಲ್ಲದೆ ಕಾಡಿಗೆ ಹೋದವರು ಕೋತಿಯ ಕಣ್ಣಿನ ಬದಲು ತಮ್ಮ ಕಣ್ಣಿನಿಂದಲೇ ಕಾಡನ್ನು ನೋಡಿ ಬರುತ್ತಾರೆ.

ಕೋತಿಗಳಿಗೆ ನಮ್ಮಂತೆಯೇ ಬಣ್ಣಗಳು ಕಾಣುತ್ತವೆಯೇ?

ಆಫ್ರಿಕಾ ಮತ್ತು ಏಷ್ಯಾದ ಕೋತಿಗಳಿಗೆ ಹೆಚ್ಚುಕಡಿಮೆ ನಮ್ಮಂತೆಯೇ ಕಾಣುತ್ತವೆ. ಮನುಷ್ಯರ ಅಕ್ಷಿಪಟದಲ್ಲಿರುವ ಶಂಕುಕೋಶಗಳು ಮೂರು ಬಗೆಯವು. ಅವು ಸುಮಾರು 420, 530 ಮತ್ತು 560 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಮಕಾಕ್, ಮುಸುವ, ಬಬೂನ್‌ಗಳಲ್ಲಿ ಗಂಡು ಹೆಣ್ಣೆನ್ನದೆ ಇಂಥದ್ದೇ ವ್ಯವಸ್ಥೆಯಿದೆ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಹುತೇಕ ಕೋತಿಗಳಲ್ಲಿ ಒಂದೇ ಹಿಂಡಿನೊಳಗೆ ಬೇರೆ ಬೇರೆ ಬಗೆಯ ಕಣ್ಣುಗಳಿರುತ್ತವೆ. ನಡು ಮತ್ತು ಉದ್ದ ತರಂಗಾಂತರದ ಬೆಳಕನ್ನು ಹಿಡಿಯುವ ಆಪ್ಸಿನ್ ಎಂಬ ಪ್ರೋಟೀನಿನ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ನಮ್ಮಲ್ಲಿ ಅಲ್ಲಿ ಎರಡು ಬಗೆಯ ವಂಶವಾಹಿಗಳು ಅಕ್ಕಪಕ್ಕದಲ್ಲಿದ್ದರೆ, ಈ ಕೋತಿಗಳಲ್ಲಿ ಒಂದೇ ಇದ್ದು, ಆ ಒಂದಕ್ಕೇ ಹಲವು ಪಾಠಾಂತರಗಳು, ಅಂದರೆ ತುಸು ಬೇರೆಯಾದ ರೂಪಗಳು ಇವೆ. ಒಂದೇ ಎಕ್ಸ್ ಇರುವ ಗಂಡಿಗೆ ಒಂದು ಪಾಠಾಂತರ ಮಾತ್ರ ಸಿಗುವುದರಿಂದ ಗಂಡುಗಳೆಲ್ಲ ದ್ವಿವರ್ಣಿಗಳು, ಅಂದರೆ ಚಿಕ್ಕ ತರಂಗಾಂತರದ್ದೊಂದು, ಇದೊಂದು, ಹೀಗೆ ಎರಡೇ ಬಗೆಯ ಶಂಕುಕೋಶಗಳಿರುವವು; ಕೆಂಪು-ಹಸಿರುಗಳ ಭೇದ ಅವಕ್ಕೆ ಸರಿಯಾಗಿ ತಿಳಿಯದು. ಹೆಣ್ಣಿಗೆ ತಂದೆಯಿಂದ ಒಂದು, ತಾಯಿಯಿಂದ ಮತ್ತೊಂದು ಪಾಠಾಂತರ ಬಂದರೆ ಅದು ಮೂರು ಬಗೆಯ ಶಂಕುಕೋಶಗಳಿರುವ ತ್ರಿವರ್ಣಿಯಾಗುತ್ತದೆ. ಎರಡೂ ಕಡೆಯಿಂದ ಒಂದೇ ಬಂದರೆ ಅದೂ ಗಂಡಿನಂತೆ ದ್ವಿವರ್ಣಿಯೇ. ಅಳಿಲು ಕೋತಿಗಳಲ್ಲಿ ಈ ವೈವಿಧ್ಯವನ್ನು ಜೆರಾಲ್ಡ್ ಜೇಕಬ್ಸ್ 1984ರಲ್ಲಿ ವಿವರಿಸಿದರು. ಇದಕ್ಕೆ ಎರಡು ಅಪವಾದಗಳಿವೆ. ಹೌಲರ್ ಕೋತಿಗಳಲ್ಲಿ ವಂಶವಾಹಿ ಇಮ್ಮಡಿಯಾಗಿ, ನಮ್ಮಂತೆ ಗಂಡು ಹೆಣ್ಣುಗಳೆರಡೂ ತ್ರಿವರ್ಣಿಗಳಾಗಿವೆ. ಇದು ತಿಳಿದದ್ದು 1996ರಲ್ಲಿ. ರಾತ್ರಿ ಸಂಚರಿಸುವ ಏಓಟಸ್ ಕುಲದ ಕೋತಿಗಳಲ್ಲಿ ಕೆಲಸ ಮಾಡುವ ಶಂಕುಕೋಶ ಒಂದೇ ಬಗೆಯದು.

ಸಂಶೋಧಕರಿಗೆ ಇದು ಅಪರೂಪದ ಅನುಕೂಲ. ಒಂದೇ ಕಾಡು, ಒಂದೇ ಹಿಂಡು, ಒಂದೇ ಮರ, ಆದರೆ ಅಕ್ಕತಂಗಿಯರ ಕಣ್ಣುಗಳೇ ಬೇರೆ. ಪ್ರಕೃತಿ ತಾನಾಗಿ ಹೂಡಿಟ್ಟ ಇಂಥ ಪ್ರಯೋಗ ಬೇರೆ ಯಾವ ಇಂದ್ರಿಯದ ವಿಷಯದಲ್ಲೂ ಇಷ್ಟು ಅಚ್ಚುಕಟ್ಟಾಗಿ ಸಿಗುವುದಿಲ್ಲ. ವರ್ಣದೃಷ್ಟಿಯ ಬಗ್ಗೆ ಇಷ್ಟೊಂದು ಬರೆಯಲಾಗಿದ್ದು, ಸ್ಪರ್ಶದ ಬಗ್ಗೆ ಇಷ್ಟು ಕಡಿಮೆ ಬರೆಯಲಾಗಿರುವುದಕ್ಕೆ ಅರ್ಧ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ.

ಕೋತಿಯನ್ನು ಹಿಡಿಯದೆ, ಅದು ದ್ವಿವರ್ಣಿಯೋ ತ್ರಿವರ್ಣಿಯೋ ಎಂದು ತಿಳಿಯುವುದು ಹೇಗೆ?

ಮಲದಿಂದ. ಕರುಳಿನ ಒಳಪದರದಿಂದ ಉದುರಿದ ಕೋಶಗಳು ಮಲದೊಡನೆ ಹೊರಬರುತ್ತವೆ. ಅವುಗಳಲ್ಲಿನ ಡಿಎನ್ಎಯನ್ನು ಬೇರ್ಪಡಿಸಿ ಆಪ್ಸಿನ್ ವಂಶವಾಹಿಯ ಅನುಕ್ರಮವನ್ನು ಓದಬಹುದು. ಹಿಂಡಿನ ಪ್ರತಿಯೊಂದು ಕೋತಿಯನ್ನೂ ಮುಖ ನೋಡಿ ಗುರುತಿಸಬಲ್ಲವರು ಜೊತೆಗಿದ್ದು, ಯಾವ ಮಾದರಿ ಯಾವ ಕೋತಿಯದು ಎಂದು ಆ ಕ್ಷಣದಲ್ಲೇ ಬರೆದಿಟ್ಟುಕೊಂಡಿರಬೇಕು. ಕೆಲಸದ ಕಷ್ಟವೆಲ್ಲ ಇರುವುದು ಅಲ್ಲಿ. ಉತ್ತಮ ಅಧ್ಯಯನಗಳಲ್ಲಿ, ವರ್ತನೆಯನ್ನು ದಾಖಲಿಸುವವರಿಗೆ ಆ ಕೋತಿಯ ಕಣ್ಣಿನ ಬಗೆ ಯಾವುದೆಂದು ಮೊದಲೇ ತಿಳಿಸಿರುವುದಿಲ್ಲ. ತಿಳಿಸಿದ್ದರೆ, ತ್ರಿವರ್ಣಿ ಹೆಣ್ಣು ಹಣ್ಣಿನ ಕಡೆ ತುಸು ಬೇಗ ಕೈಚಾಚಿದಂತೆ ಕಾಣುವುದು ಸಹಜ.

ತ್ರಿವರ್ಣಿಯಾಗಿರುವುದರಿಂದ ಕಾಡಿನಲ್ಲಿ ನಿಜವಾಗಿ ಲಾಭವಿದೆಯೇ?

ಇದೆ. ಆದರೆ ಎಲ್ಲ ಕೆಲಸದಲ್ಲೂ ಇಲ್ಲ, ಊಹಿಸಿದಷ್ಟೂ ಇಲ್ಲ. ಈ ಪ್ರಶ್ನೆಗೆ ಅತ್ಯಂತ ವಿವರವಾದ ಉತ್ತರ ಬಂದಿರುವುದು ಕೋಸ್ಟರಿಕಾದ ಗ್ವಾನಕಾಸ್ಟೆ ಸಂರಕ್ಷಿತ ಪ್ರದೇಶದ ಸಾಂತಾ ರೋಸಾ ಕಾಡಿನಿಂದ. ಅಲ್ಲಿ ಬಿಳಿಮುಖದ ಕ್ಯಾಪುಚಿನ್ ಕೋತಿಗಳ ದೀರ್ಘಕಾಲದ ಅಧ್ಯಯನವನ್ನು ಲಿಂಡಾ ಫೆಡಿಗನ್ 1983ರಲ್ಲಿ ಆರಂಭಿಸಿದರು. ಇಂದ್ರಿಯಗಳ ಕುರಿತ ಕೆಲಸವನ್ನು ಅಮಾಂಡಾ ಮೆಲಿನ್ ಮುಂದುವರಿಸಿದರು, ವಂಶವಾಹಿಗಳ ವಿಶ್ಲೇಷಣೆಯಲ್ಲಿ ಟೋಕಿಯೊದ ಶೋಜಿ ಕವಾಮುರಾ ಜೊತೆಗೂಡಿದರು. ಅದು ಒಣ ಕಾಡು. ಬೇಸಿಗೆಯಲ್ಲಿ ಎಲೆ ಉದುರಿ ಮರಗಳು ತೆರೆದುಕೊಳ್ಳುವುದರಿಂದ, ದಟ್ಟ ಮಳೆಕಾಡಿನಲ್ಲಿ ಕಣ್ಣಿಗೆ ಬೀಳದ ಎಷ್ಟೋ ಸಂಗತಿಗಳು ಅಲ್ಲಿ ಕಾಣುತ್ತವೆ.

ಮೊದಲ ಫಲಿತಾಂಶಗಳು, ತ್ರಿವರ್ಣಿಗಳಿಗೇ ಲಾಭವೆಂಬ ಸಿದ್ಧಾಂತಕ್ಕೆ ಅನುಕೂಲವಾಗಿರಲಿಲ್ಲ. ಎಲೆಗಳ ಮೇಲೆ ಮರೆಮಾಚಿ ಕುಳಿತ ಕೀಟಗಳನ್ನು ಹಿಡಿಯುವುದರಲ್ಲಿ ದ್ವಿವರ್ಣಿಗಳೇ ಮುಂದಿವೆ ಎಂದು 2007ರಲ್ಲಿ ಪ್ರಕಟವಾಯಿತು. ಬಣ್ಣದ ಗದ್ದಲ ಕಡಿಮೆಯಿರುವ ಕಣ್ಣಿಗೆ ಅಂಚು, ಆಕಾರ, ಹೊಳಪಿನ ವ್ಯತ್ಯಾಸಗಳು ಹೆಚ್ಚು ಸ್ಫುಟವಾಗಿ ಕಾಣುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಅದೇ ಕಾಡಿನ ಜೇಡ ಕೋತಿಗಳ ಮೇಲೆ ಚಿಹಿರೊ ಹಿರಾಮತ್ಸು ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತಿರದ ಹಣ್ಣುಗಳನ್ನು ಆರಿಸಿಕೊಳ್ಳುವಾಗ ತ್ರಿವರ್ಣಿಗಳಿಗೆ ಯಾವ ಮೇಲುಗೈಯೂ ಕಾಣಲಿಲ್ಲ. ಹಣ್ಣಿನ ಮತ್ತು ಹಿನ್ನೆಲೆಯ ಎಲೆಗಳ ನಡುವಿನ ಹೊಳಪಿನ ಅಂತರವೇ ಕೋತಿಗಳ ಯಶಸ್ಸನ್ನು ಚೆನ್ನಾಗಿ ಸೂಚಿಸುತ್ತಿತ್ತು. ಕಾಯಿಯಾಗಲಿ ಹಣ್ಣಾಗಲಿ ಹಸಿರಾಗಿಯೇ ಇರುವ ಅತ್ತಿ ಜಾತಿಯ ಮರಗಳಲ್ಲಿ ದ್ವಿವರ್ಣಿ ಕ್ಯಾಪುಚಿನ್‌ಗಳು ಹೆಚ್ಚು ಮೂಸುತ್ತವೆ ಎಂದು ಮತ್ತೊಂದು ಅಧ್ಯಯನ ತೋರಿಸಿತು. ಕಣ್ಣು ಕೊಡಲಾಗದ ಸುಳಿವನ್ನು ಅವು ಮೂಗಿನಿಂದ ಪಡೆಯುತ್ತಿದ್ದವು.

ಇಷ್ಟಾದ ಮೇಲೆ 2017ರಲ್ಲಿ, ಮಾಗಿದಾಗ ಎಲೆಗಳ ನಡುವೆ ಎದ್ದು ಕಾಣುವ ಬಣ್ಣಕ್ಕೆ ತಿರುಗುವ ಹಣ್ಣುಗಳ ಮಟ್ಟಿಗೆ ತ್ರಿವರ್ಣಿ ಕ್ಯಾಪುಚಿನ್‌ಗಳು ದ್ವಿವರ್ಣಿಗಳಿಗಿಂತ ವೇಗವಾಗಿ ತಿನ್ನುತ್ತವೆ ಎಂಬ ಗಟ್ಟಿಯಾದ ಸಾಕ್ಷ್ಯ ದೊರೆಯಿತು. ಹಾಗಾದರೆ ತ್ರಿವರ್ಣಿ ಹೆಣ್ಣುಗಳು ಹೆಚ್ಚು ಕಾಲ ಬಾಳಿ ಹೆಚ್ಚು ಮರಿಗಳನ್ನು ಉಳಿಸಿಕೊಳ್ಳುತ್ತವೆಯೇ? 26 ವರ್ಷಗಳ ಜನನ ಮರಣಗಳ ದಾಖಲೆಯನ್ನು ಇಟ್ಟುಕೊಂಡು ಫೆಡಿಗನ್ ಮತ್ತು ಸಂಗಡಿಗರು 2014ರಲ್ಲೇ ಈ ಪ್ರಶ್ನೆಯನ್ನು ಪರಿಶೀಲಿಸಿದ್ದರು. ಅಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ.

ಈ ಫಲಿತಾಂಶಗಳನ್ನು ಪರಸ್ಪರ ವಿರುದ್ಧವೆಂದು ಓದುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಿಮಿಷಕ್ಕೆ ಎಷ್ಟು ಹಣ್ಣು ಬಾಯಿಗೆ ಹೋಯಿತು ಎಂಬುದೂ, ಜೀವಮಾನದಲ್ಲಿ ಎಷ್ಟು ಮರಿಗಳು ಉಳಿದವು ಎಂಬುದೂ ಬೇರೆ ಬೇರೆ ಅಳತೆಗಳು. ಹಣ್ಣಿನಲ್ಲಿ ಸಿಕ್ಕ ಲಾಭ ಕೀಟದಲ್ಲಿ ಆದ ನಷ್ಟದೊಡನೆ ಸರಿಹೋಗಬಹುದು. ಗುಂಪಿನಲ್ಲಿ ಎರಡೂ ಬಗೆಯ ಕಣ್ಣುಗಳಿರುವುದರಿಂದ ಒಬ್ಬರು ಕಂಡುಹಿಡಿದ ಮರದಲ್ಲಿ ಎಲ್ಲರೂ ಉಣ್ಣುವುದೂ ಸಾಧ್ಯ. ಎರಡು ಬಗೆಯ ಕಣ್ಣುಗಳೂ ಇಷ್ಟು ದೀರ್ಘಕಾಲ ಒಟ್ಟಿಗೆ ಉಳಿದುಬಂದಿರುವುದೇ, ಯಾವುದೋ ಒಂದು ಸಾರಾಸಗಟಾಗಿ ಮೇಲೆಂದು ಹೇಳುವುದಕ್ಕೆ ಅಡ್ಡಿಯಾಗಿ ನಿಲ್ಲುತ್ತದೆ.

ಹಾಗಾದರೆ ಕೆಂಪು-ಹಸಿರು ಗುರುತಿಸುವ ದೃಷ್ಟಿ ಹಣ್ಣಿಗಾಗಿಯೇ ವಿಕಾಸಗೊಂಡಿತೇ?

ಹಣ್ಣೆಂಬುದು ಬಹಳ ಹಳೆಯ ಉತ್ತರ, ಎಲೆಯೆಂಬುದು ಅದರ ಪ್ರತಿಸ್ಪರ್ಧಿ. ಉಗಾಂಡಾದ ಕಿಬಾಲೆ ಕಾಡಿನಲ್ಲಿ ನಥಾನಿಯಲ್ ಡೊಮಿನಿ ಮತ್ತು ಪೀಟರ್ ಲ್ಯೂಕಸ್ ಹಣ್ಣು, ಎಲೆಗಳ ಬಣ್ಣವನ್ನು ಅಳೆದು 2001ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಅಲ್ಲಿನ ಹಣ್ಣುಗಳನ್ನು ಗುರುತಿಸಲು ಹಳದಿ-ನೀಲಿಯ ವ್ಯತ್ಯಾಸವೇ ಬಹುಮಟ್ಟಿಗೆ ಸಾಕಾಗುತ್ತದೆ. ಕೆಂಪು-ಹಸಿರಿನ ಭೇದ ಅನಿವಾರ್ಯವಾಗುವುದು ಕೆಂಪುಛಾಯೆಯ ಎಳೆ ಚಿಗುರನ್ನು ಬಲಿತ ಎಲೆಯಿಂದ ಬೇರ್ಪಡಿಸುವಾಗ. ಚಿಗುರಿನಲ್ಲಿ ಪ್ರೋಟೀನ್ ಹೆಚ್ಚು, ನಾರು ಕಡಿಮೆ. ಹಣ್ಣು ಸಿಗದ ತಿಂಗಳುಗಳಲ್ಲಿ ಜೀವ ಉಳಿಸುವುದು ಅದೇ.

ಮುಖದ ಬಣ್ಣವನ್ನು ಓದಲು ಈ ದೃಷ್ಟಿ ಬಂತು ಎನ್ನುವವರೂ ಇದ್ದಾರೆ. ಪೋರ್ಟರಿಕೊದ ಕಾಯೊ ಸಾಂತಿಯಾಗೊ ದ್ವೀಪಕ್ಕೆ 1938ರಲ್ಲಿ ಭಾರತದಿಂದ ಸಾಗಿಸಿದ 409 ರೀಸಸ್ ಕೋತಿಗಳ ಸಂತತಿ ಈಗಲೂ ಅಲ್ಲಿ ಸ್ವತಂತ್ರವಾಗಿ ಓಡಾಡಿಕೊಂಡಿದೆ. ಅಂಡ ಬಿಡುಗಡೆಯ ಸಮಯದಲ್ಲಿ ಹೆಣ್ಣಿನ ಮುಖದ ಬಣ್ಣದಲ್ಲಾಗುವ ಬದಲಾವಣೆಯನ್ನು ಗಂಡುಗಳು ಗುರುತಿಸುತ್ತವೆಯೇ ಎಂದು ಚಿತ್ರಗಳನ್ನು ತೋರಿಸಿ ಪರೀಕ್ಷಿಸಿದಾಗ, ಪರಿಚಿತ ಹೆಣ್ಣಿನ ಮುಖದಲ್ಲಿ ಮಾತ್ರ ಅವು ಆ ಬದಲಾವಣೆಯನ್ನು ಗುರುತಿಸಿದವು ಎಂದು ಜೇಮ್ಸ್ ಹೈಯಂ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. ಬಣ್ಣ ಕಾಣುವುದಷ್ಟೇ ಸಾಲದು, ಆ ಮುಖದ ಎಂದಿನ ಬಣ್ಣ ಯಾವುದೆಂದು ತಿಳಿದಿರಬೇಕು. ಆದರೆ ಈ ದೃಷ್ಟಿ ಮೂಲದಲ್ಲಿ ಯಾವುದಕ್ಕಾಗಿ ಬಂತೋ, ಇಂದು ಯಾವುದಕ್ಕೆ ಬಳಕೆಯಾಗುತ್ತಿದೆಯೋ ಅವೆರಡೂ ಒಂದೇ ಆಗಿರಬೇಕಿಲ್ಲ. ಈ ವಾದದ ಎಲ್ಲ ಬಣಗಳವರೂ ಆಗಾಗ ಇದನ್ನು ಮರೆಯುತ್ತಾರೆ.

ಕೋತಿಗಳು ಹಣ್ಣನ್ನು ಮೂಸುವುದು, ಹಿಸುಕುವುದು ಏಕೆ?

ಕಣ್ಣಿಗೆ ಖಚಿತವಾಗದಿದ್ದಾಗ. ದೂರದಿಂದ ಮರವನ್ನು ಕಾಣಲು ಕಣ್ಣು ಬೇಕು, ಕೈಗೆಟುಕುವಷ್ಟು ಹತ್ತಿರ ಬಂದ ಮೇಲೆ ಮೂಗು, ಬೆರಳು, ಹಲ್ಲುಗಳ ಸರದಿ. ಈ ಕ್ರಮ ಸ್ಥೂಲವಾಗಿ ಎಲ್ಲ ಜಾತಿಗಳಿಗೂ ಹೊಂದುತ್ತದೆಯಾದರೂ ಯಾವುದಕ್ಕೆ ಎಷ್ಟು ಪಾಲು ಎಂಬುದು ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಸಾಂತಾ ರೋಸಾದಲ್ಲಿ ಒಂದೇ ಕಾಡನ್ನು ಹಂಚಿಕೊಂಡಿರುವ ಜೇಡ ಕೋತಿ, ಕ್ಯಾಪುಚಿನ್ ಮತ್ತು ಹೌಲರ್‌ಗಳನ್ನು ಹೋಲಿಸಿ ಮೆಲಿನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ: ಹಣ್ಣನ್ನೇ ಮುಖ್ಯವಾಗಿ ನೆಚ್ಚಿದ ಜೇಡ ಕೋತಿ ಅತಿ ಹೆಚ್ಚು ಮೂಸುತ್ತದೆ, ಬೆರಳಿನ ಚಾಕಚಕ್ಯ ಹೆಚ್ಚಿರುವ ಕ್ಯಾಪುಚಿನ್ ಅತಿ ಹೆಚ್ಚು ಮುಟ್ಟಿ ನೋಡುತ್ತದೆ. ಕೈಗಳ ರಚನೆ ನೋಡಿದರೆ ಇದು ಅಚ್ಚರಿಯಲ್ಲ. ಜೇಡ ಕೋತಿಗೆ ಹೆಬ್ಬೆರಳು ಇಲ್ಲವೆನ್ನುವಷ್ಟು ಕುಗ್ಗಿದೆ, ಅದರ ಕೈ ಕೊಂಬೆಯಿಂದ ಕೊಂಬೆಗೆ ತೂಗಿ ಸಾಗುವುದಕ್ಕೆ ಹೇಳಿಮಾಡಿಸಿದ ಕೊಕ್ಕೆ. ಹೌಲರ್ ಸಾಮಾನ್ಯವಾಗಿ ಎರಡನೆಯ ಮತ್ತು ಮೂರನೆಯ ಬೆರಳುಗಳ ನಡುವೆ ಕೊಂಬೆಯನ್ನು ಹಿಡಿಯುತ್ತದೆ. ಕ್ಯಾಪುಚಿನ್ ಮಾತ್ರ ಹೆಬ್ಬೆರಳು ತೋರುಬೆರಳುಗಳಿಂದ ಸಣ್ಣ ಕಾಳನ್ನೂ ಎತ್ತಬಲ್ಲದು. ಮೂಸುವಿಕೆಯ ಪ್ರಮಾಣವನ್ನು ಮೂಗಿನೊಳಗಿನ ಸುರುಳಿ ಎಲುಬುಗಳ ವಿಸ್ತಾರಕ್ಕಿಂತ, ಮಿದುಳಿನಲ್ಲಿ ವಾಸನೆಯನ್ನು ಮೊದಲು ಸ್ವೀಕರಿಸುವ ಘ್ರಾಣ ಗೆಡ್ಡೆಯ ಗಾತ್ರವೇ ಚೆನ್ನಾಗಿ ಸೂಚಿಸಿತು ಎಂಬುದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ.

ಬೆರಳಿನ ತುದಿ ತಿಳಿಯುವುದು ಮುಖ್ಯವಾಗಿ ಮೆತುತನವನ್ನು. ಮಾಗುತ್ತಿದ್ದಂತೆ ಹಣ್ಣಿನ ಕೋಶಭಿತ್ತಿಗಳು ಸಡಿಲಗೊಂಡು, ಪಿಷ್ಟ ಸಕ್ಕರೆಯಾಗುತ್ತದೆ. ಬಣ್ಣ ಬದಲಾಗದ ಹಣ್ಣಿನಲ್ಲಿಯೂ ಮೆತುತನ ಬದಲಾಗುವುದರಿಂದ, ಒತ್ತಿ ನೋಡುವುದು ಬಣ್ಣಕ್ಕಿಂತ ನಂಬಿಕೆಗೆ ಅರ್ಹವಾದ ಸುಳಿವು. ಕಚ್ಚಿ ಬಿಸಾಡುವುದೂ ಒಂದು ಪರೀಕ್ಷೆಯೇ. ಕೋತಿಗಳು ಹಣ್ಣನ್ನು ಸುಮ್ಮನೆ ಹಾಳುಮಾಡುತ್ತವೆ ಎಂದು ಬೈಯುವವರು ಆ ಹಣ್ಣನ್ನು ಎತ್ತಿ ನೋಡಿದರೆ, ಅದು ಇನ್ನೂ ದೋರುಗಾಯಿ ಎಂದು ಎಷ್ಟೋ ಸಲ ಗೊತ್ತಾಗುತ್ತದೆ.

ಹುದುಗಿದ ಹಣ್ಣಿನ ಮದ್ಯಸಾರದ ವಾಸನೆ ಕೋತಿಗಳನ್ನು ಸೆಳೆಯುತ್ತದೆ ಎಂಬುದು ನಿಜವೇ?

ಮಾಗಿದ ಹಣ್ಣಿನಲ್ಲಿ ಯೀಸ್ಟ್ ಬೆಳೆದು ಸ್ವಲ್ಪ ಎಥನಾಲ್ ಉಂಟಾಗುತ್ತದೆ, ಅದರ ವಾಸನೆ ಸಕ್ಕರೆ ಇರುವೆಡೆಯ ಸುಳಿವಾಗಬಲ್ಲದು ಎಂಬುದು ರಾಬರ್ಟ್ ಡಡ್ಲಿ 2000ದ ಸುಮಾರಿಗೆ ಮಂಡಿಸಿದ ಊಹೆ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ಜೇಡ ಕೋತಿಗಳು ಕಚ್ಚಿ ಬೀಳಿಸಿದ, ನಮ್ಮ ಅಮಟೆಯ ಹತ್ತಿರದ ಬಂಧುವಾದ ಸ್ಪಾಂಡಿಯಾಸ್ ಮೊಂಬಿನ್ ಹಣ್ಣುಗಳನ್ನು ಪರೀಕ್ಷಿಸಿದಾಗ ಶೇ. 1ರಿಂದ 2ರಷ್ಟು ಎಥನಾಲ್ ಕಂಡುಬಂದಿತೆಂದೂ, ಕೋತಿಗಳ ಮೂತ್ರದಲ್ಲಿ ಅದು ಜೀರ್ಣಗೊಂಡ ಗುರುತುಗಳಿದ್ದವೆಂದೂ 2022ರಲ್ಲಿ ಪ್ರಕಟವಾಯಿತು. ಅವು ಎಥನಾಲನ್ನು ದೇಹದಲ್ಲಿ ಬಳಸಿಕೊಳ್ಳುತ್ತವೆ ಎಂದು ಇದರಿಂದ ಸಿದ್ಧವಾಗುತ್ತದೆ. ವಾಸನೆ ಹಿಡಿದೇ ಆ ಹಣ್ಣನ್ನು ಆರಿಸಿದವು ಎಂದಾಗಲಿ, ಅಮಲೇರಿಸಿಕೊಂಡವು ಎಂದಾಗಲಿ ಸಿದ್ಧವಾಗುವುದಿಲ್ಲ.

ಹಣ್ಣಿನ ಬಣ್ಣ, ವಾಸನೆ, ಗಟ್ಟಿತನಗಳನ್ನು ಕಾಡಿನಲ್ಲಿ ಅಳೆಯುವುದು ಹೇಗೆ?

ಕೋತಿ ತಿನ್ನುತ್ತಿರುವ ಮರದಿಂದಲೇ, ಆದಷ್ಟೂ ಅದೇ ದಿನ, ಕಾಯಿ, ದೋರುಗಾಯಿ, ಹಣ್ಣುಗಳನ್ನೂ ಅವುಗಳ ಹಿನ್ನೆಲೆಯ ಎಲೆಗಳನ್ನೂ ತರಬೇಕು. ಸ್ಪೆಕ್ಟ್ರೋಮೀಟರ್ ಪ್ರತಿಯೊಂದು ತರಂಗಾಂತರದಲ್ಲಿ ಎಷ್ಟು ಬೆಳಕು ಪ್ರತಿಫಲಿಸುತ್ತದೆ ಎಂದು ಅಳೆಯುತ್ತದೆ. ಆ ಅಳತೆಗೆ ಕಾಡಿನ ಬೆಳಕನ್ನೂ ಆ ಜಾತಿಯ ಶಂಕುಕೋಶಗಳ ಸಂವೇದನೆಯನ್ನೂ ಸೇರಿಸಿ ಲೆಕ್ಕ ಹಾಕಿದಾಗ, ದ್ವಿವರ್ಣಿಯ ಕಣ್ಣಿಗೂ ತ್ರಿವರ್ಣಿಯ ಕಣ್ಣಿಗೂ ಆ ಹಣ್ಣು ಎಲೆಗಳಿಂದ ಎಷ್ಟು ಬೇರೆಯಾಗಿ ಕಾಣಬಹುದೆಂದು ತಿಳಿಯುತ್ತದೆ. ಛಾಯಾಚಿತ್ರ ಈ ಕೆಲಸಕ್ಕೆ ಬಾರದು, ಏಕೆಂದರೆ ಕ್ಯಾಮೆರಾವನ್ನು ರೂಪಿಸಿರುವುದು ಮನುಷ್ಯರ ಕಣ್ಣಿಗಾಗಿ. ವಾಸನೆಗಾಗಿ ಹಣ್ಣನ್ನು ಚೀಲದಲ್ಲಿ ಮುಚ್ಚಿ, ಅದರ ಸುತ್ತಲಿನ ಗಾಳಿಯನ್ನು ಹೀರುಪದಾರ್ಥ ತುಂಬಿದ ಸಣ್ಣ ಕೊಳವೆಯ ಮೂಲಕ ಎಳೆದು, ಅದರಲ್ಲಿ ಸಿಕ್ಕಿಕೊಂಡ ಸಂಯುಕ್ತಗಳನ್ನು ಮುಂದೆ ಪ್ರಯೋಗಾಲಯದಲ್ಲಿ ಬೇರ್ಪಡಿಸಿ ಗುರುತಿಸುತ್ತಾರೆ. ಗಟ್ಟಿತನ, ಸಕ್ಕರೆಯ ಅಂಶಗಳಿಗೆ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣಗಳಿವೆ.

ದನಿಗಳಿಗೆ ಕೋತಿ ಹೇಗೆ ಸ್ಪಂದಿಸುತ್ತದೆಂದು ಪರೀಕ್ಷಿಸುವ ಬಗೆ ಯಾವುದು?

ಪ್ಲೇಬ್ಯಾಕ್ ಪ್ರಯೋಗ. ಮೊದಲೇ ಧ್ವನಿಮುದ್ರಿಸಿಕೊಂಡ ಕೂಗನ್ನು ಪೊದೆಯಲ್ಲಿ ಬಚ್ಚಿಟ್ಟ ಸ್ಪೀಕರಿನಿಂದ ಕೇಳಿಸಿ, ಕೋತಿಯ ಮುಖ ಯಾವ ಕಡೆ ತಿರುಗಿತು, ಎಷ್ಟು ಹೊತ್ತು ಅತ್ತ ನೋಡಿತು, ಎಲ್ಲಿಗೆ ಓಡಿತು ಎಂದು ಚಿತ್ರೀಕರಿಸಿಕೊಳ್ಳುತ್ತಾರೆ. ಕೆನ್ಯಾದ ಅಂಬೊಸೆಲಿಯಲ್ಲಿ ರಾಬರ್ಟ್ ಸೇಫಾರ್ತ್, ಡೊರೊಥಿ ಚೆನಿ ಮತ್ತು ಪೀಟರ್ ಮಾರ್ಲರ್ ವರ್ವೆಟ್ ಕೋತಿಗಳ ಮೇಲೆ ನಡೆಸಿ 1980ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಧಾನಕ್ಕೆ ಹೆಸರು ತಂದಿತು. ಚಿರತೆ ಬಂತೆಂದು ಎಚ್ಚರಿಸುವ ಕೋತಿಯ ಕೂಗು ಕೇಳಿದಾಗ ಕೋತಿಗಳು ಮರವೇರಿದವು, ಹದ್ದಿನ ಕೂಗಿಗೆ ಮೇಲೆ ನೋಡಿದವು ಅಥವಾ ಪೊದೆಗೆ ನುಗ್ಗಿದವು, ಹಾವಿನ ಕೂಗಿಗೆ ಹಿಂಗಾಲಿನ ಮೇಲೆ ನಿಂತು ಹುಲ್ಲಿನಲ್ಲಿ ಹುಡುಕಿದವು. ಅಲ್ಲಿ ಚಿರತೆ, ಹದ್ದು, ಹಾವು ಯಾವುದೂ ಇರಲಿಲ್ಲ. ದನಿಯೊಂದೇ ಸಾಕಾಗಿತ್ತು.

ಕಿವಿ ಹಿಂಡಿನ ಒಳಗಿನ ಸುದ್ದಿಯನ್ನೂ ತಿಳಿಸುತ್ತದೆ. ಮರಿಯ ಚೀರಾಟವನ್ನು ಕೇಳಿಸಿದಾಗ ತಾಯಿ ಸ್ಪೀಕರಿನ ಕಡೆ ನೋಡಿದರೆ, ಉಳಿದ ಹೆಣ್ಣುಗಳು ತಾಯಿಯ ಕಡೆ ನೋಡಿದವು. ಅಂದರೆ ಆ ದನಿ ಯಾರ ಮರಿಯದೆಂದು ಅವಕ್ಕೆ ಗೊತ್ತಿತ್ತು. ಬೋಟ್ಸ್ವಾನಾದ ಒಕವಾಂಗೊ ಪ್ರದೇಶದ ಬಬೂನ್‌ಗಳಿಗೆ, ಕೆಳದರ್ಜೆಯ ಹೆಣ್ಣು ಮೇಲ್ದರ್ಜೆಯ ಹೆಣ್ಣನ್ನು ಗದರಿಸಿದಂತೆ ಕೂಗುಗಳನ್ನು ಜೋಡಿಸಿ ಕೇಳಿಸಿದಾಗ, ಆ ಜಗಳ ಎರಡು ಬೇರೆ ತಾಯಿವಂಶಗಳ ನಡುವಿನದಾಗಿದ್ದರೆ ಕೇಳುಗರು ಹೆಚ್ಚು ಹೊತ್ತು ನೋಡಿದವು ಎಂದು 2003ರಲ್ಲಿ ವರದಿಯಾಯಿತು. ಒಂದೇ ಕುಟುಂಬದೊಳಗಿನ ಜಗಳಕ್ಕಿಂತ ಕುಟುಂಬಗಳ ನಡುವಿನ ಸ್ಥಾನಪಲ್ಲಟ ದೊಡ್ಡ ಸುದ್ದಿಯೆಂದು ಅವೂ ಬಲ್ಲವು.

ತಂತ್ರ ಸರಳವಾಗಿ ತೋರಿದರೂ ಕೆಡುವುದು ಸುಲಭ. ಯಾವ ಕೋತಿಯ ಕೂಗನ್ನು ಕೇಳಿಸುತ್ತಾರೋ ಅದು ಆ ಹೊತ್ತಿಗೆ ಕಣ್ಮರೆಯಾಗಿರಬೇಕು, ಸ್ಪೀಕರ್ ಇರುವ ದಿಕ್ಕಿನಲ್ಲಿ ಅದಿರುವುದು ಸಂಭವನೀಯವಾಗಿರಬೇಕು, ದನಿಯ ಮಟ್ಟ ಸಹಜವಾಗಿರಬೇಕು. ಪದೇ ಪದೇ ಕೇಳಿಸಿದರೆ ಕೋತಿಗಳು ಸುಳ್ಳು ಕೂಗನ್ನು ಕಡೆಗಣಿಸಲು ಕಲಿಯುತ್ತವೆ. ಆದ್ದರಿಂದ ಒಂದು ಯಶಸ್ವಿ ಪ್ರಯೋಗಕ್ಕಾಗಿ ದಿನಗಟ್ಟಲೆ ಕಾಯುವುದೇ ಈ ಕೆಲಸದ ಹೆಚ್ಚಿನ ಭಾಗ.

ಹಿಂದೆಂದೂ ಕೇಳದ ಅಪಾಯದ ದನಿಗೆ ಏನು ಮಾಡುತ್ತವೆ?

ಸೆನೆಗಲ್‌ನ ಹಸಿರು ಕೋತಿಗಳ ಮೇಲೆ ಸಂಶೋಧಕರು ಡ್ರೋನ್ ಹಾರಿಸಿದಾಗ ಅವು ಎಚ್ಚರಿಕೆಯ ಕೂಗು ಹಾಕಿದವು. ಯೂಲಿಯಾ ಫಿಷರ್ ಅವರ ತಂಡ 2019ರಲ್ಲಿ ಪ್ರಕಟಿಸಿದಂತೆ, ಆ ಕೂಗು ಪೂರ್ವ ಆಫ್ರಿಕಾದ ಬಂಧುಗಳಾದ ವರ್ವೆಟ್‌ಗಳ ಹದ್ದಿನ ಕೂಗನ್ನು ಬಹಳ ಹೋಲುತ್ತಿತ್ತು. ಆಮೇಲೆ ಡ್ರೋನಿನ ಸದ್ದನ್ನಷ್ಟೇ ಕೇಳಿಸಿದಾಗ ಅವು ಆಕಾಶವನ್ನು ನೋಡಿದವು. ಕೂಗುವ ಬಗೆ ಹುಟ್ಟಿನಿಂದ ಬಂದಿರಬಹುದು, ಆದರೆ ಯಾವ ಸದ್ದಿಗೆ ಏನು ಅರ್ಥ ಎಂಬುದನ್ನು ಕಿವಿ ಬಹು ಬೇಗ ಕಲಿಯುತ್ತದೆ.

ಬೇರೆ ಪ್ರಾಣಿಗಳ ಕೂಗಿನಿಂದಲೂ ಕಲಿಕೆ ಸಾಗುತ್ತದೆ. ದಕ್ಷಿಣ ಭಾರತದ ಬಾನೆಟ್ ಮಕಾಕ್‌ಗಳು ನೀಲಗಿರಿ ಮುಸುವ, ಬೂದು ಮುಸುವ ಮತ್ತು ಕಡವೆಗಳ ಎಚ್ಚರಿಕೆಯ ಕೂಗನ್ನು ಗುರುತಿಸುತ್ತವೆಯೇ ಎಂದು ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ಪ್ಲೇಬ್ಯಾಕ್ ಮೂಲಕ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಅವರೇ ಚಿರತೆಯ ಮಾದರಿಗಳನ್ನು ಕಾಡಿನಲ್ಲಿ ಇಟ್ಟು ನೋಡಿದಾಗ, ಕಪ್ಪು ಬಣ್ಣದ ಮಾದರಿಗಿಂತ ಚುಕ್ಕೆಗಳಿರುವ ಮಾದರಿಗೆ ಕೋತಿಗಳು ಹೆಚ್ಚು ಬಲವಾಗಿ ಬೆಚ್ಚಿದವು. ಚಿರತೆಯ ದೇಹದ ಒಂದು ಭಾಗವಷ್ಟೇ ಕಾಣುವಂತಿದ್ದಾಗಲೂ ಚುಕ್ಕೆಗಳು ಮಹತ್ವದ ಸುಳಿವಾಗಿದ್ದವು.

ರಾತ್ರಿಯ ಕೋತಿಗಳು ಕತ್ತಲೆಯಲ್ಲಿ ಏನನ್ನು ನೆಚ್ಚುತ್ತವೆ?

ಬೆಳದಿಂಗಳನ್ನು. ಅರ್ಜೆಂಟೀನಾದ ಫೊರ್ಮೊಸಾ ಪ್ರಾಂತ್ಯದಲ್ಲಿ ಎದ್ವಾರ್ದೊ ಫರ್ನಾಂದೆಸ್-ದುಕೆ 1996ರಿಂದ ಅಧ್ಯಯನ ಮಾಡುತ್ತಿರುವ ಏಓಟಸ್ ಕೋತಿಗಳು ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಹೆಚ್ಚು ಓಡಾಡಿ, ಅಮಾವಾಸ್ಯೆಯಲ್ಲಿ ಬಹುಪಾಲು ತೆಪ್ಪಗಿದ್ದು, ಆ ಕೊರತೆಯನ್ನು ಹಗಲಿನಲ್ಲಿ ತುಂಬಿಕೊಳ್ಳುತ್ತವೆ. ಚಂದ್ರಗ್ರಹಣವಾದ ರಾತ್ರಿ ಬೆಳಕು ಕುಂದಿದಂತೆ ಅವುಗಳ ಓಡಾಟವೂ ಕುಂದಿತು. ಬೆಕ್ಕಿನ ಕಣ್ಣಿನಲ್ಲಿ ಬೆಳಕನ್ನು ಮರಳಿಸುವ ಹೊಳೆಯುವ ಪದರವಿದೆ. ಈ ಕೋತಿಗಳಿಗೆ ಅದಿಲ್ಲ, ದೊಡ್ಡ ಕಣ್ಣುಗಳಷ್ಟೇ ಆಧಾರ.

ಕೋತಿ ಹಣ್ಣಿನ ಮರಕ್ಕೆ ಹೋದದ್ದು ಕಂಡೋ, ಮೂಸಿಯೋ, ಅಥವಾ ನೆನಪಿನಿಂದಲೋ ಎಂದು ಬೇರ್ಪಡಿಸಲು ಸಾಧ್ಯವೇ?

ಸಾಧ್ಯ, ಆದರೆ ಇಡೀ ಕ್ಷೇತ್ರದಲ್ಲಿ ಅತ್ಯಂತ ಕಠಿಣವಾದ ಕೆಲಸ ಇದೇ. ನೆನಪನ್ನು ತಳ್ಳಿಹಾಕದೆ ಯಾವ ಇಂದ್ರಿಯದ ಬಗ್ಗೆಯೂ ಏನನ್ನೂ ಹೇಳುವಂತಿಲ್ಲ. ಇದಕ್ಕೆ ಒಂದು ದಾರಿ ಕೃತಕ ಆಹಾರ ಮಣೆಗಳು. ಅರ್ಜೆಂಟೀನಾದ ಇಗ್ವಾಸುವಿನಲ್ಲಿ ಚಾರ್ಲ್ಸ್ ಜಾನ್ಸನ್ ಮರಗಳ ನಡುವೆ ಮಣೆಗಳನ್ನು ತೂಗುಹಾಕಿ, ಕ್ಯಾಪುಚಿನ್‌ಗಳು ಅವುಗಳ ನಡುವೆ ಸಾಗಿದ ಹಾದಿಯನ್ನು, ನೆನಪೇ ಇಲ್ಲದೆ ಕಣ್ಣಿಗೆ ಬಿದ್ದದ್ದರತ್ತ ಹೋಗುವ ಕೋತಿಯ ಲೆಕ್ಕಾಚಾರದ ಹಾದಿಯೊಡನೆ ಹೋಲಿಸಿದರು. ನಿಜವಾದ ಕೋತಿಗಳು ಆ ಲೆಕ್ಕಕ್ಕಿಂತ ಬಹಳ ನೇರವಾಗಿ ಹೋಗುತ್ತಿದ್ದವು. ಬ್ರೆಜಿಲ್‌ನ ಆಕ್ರೆಯಲ್ಲಿ ಜೂಲಿಯೊ ಸೆಸರ್ ಬಿಕಾ-ಮಾರ್ಕೆಸ್ ಮತ್ತು ಪಾಲ್ ಗಾರ್ಬರ್ ಇಂಥ ಮಣೆಗಳಲ್ಲಿ ಬಾಳೆಹಣ್ಣಿನ ನೋಟದ, ವಾಸನೆಯ, ಜಾಗದ ಸುಳಿವುಗಳನ್ನು ಬೇರೆ ಬೇರೆಯಾಗಿ ಕೊಟ್ಟೂ ತೆಗೆದೂ, ಹಗಲಿನ ಮತ್ತು ರಾತ್ರಿಯ ಕೋತಿಗಳನ್ನು ಹೋಲಿಸಿದರು.

ಮಣೆಗಳಿಲ್ಲದ ದಾರಿಯನ್ನು ಕಾರ್ಲೀನ್ ಯಾನ್ಮಾತ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಕಿಬಾಲೆಯ ಮಂಗಬೆ ಕೋತಿಗಳು, ಹಿಂದಿನ ಸಲ ಹಣ್ಣು ಕಂಡಿದ್ದ ಅತ್ತಿ ಮರಕ್ಕೆ, ನಡುವಿನ ದಿನಗಳು ಬಿಸಿಲಾಗಿ ಬೆಚ್ಚಗಿದ್ದರೆ ಮರಳುವ ಸಾಧ್ಯತೆ ಹೆಚ್ಚಾಗಿತ್ತು, ಮೋಡ ಕವಿದು ತಂಪಾಗಿದ್ದರೆ ಕಡಿಮೆ. ಬಿಸಿಲಿಗೆ ಹಣ್ಣು ಬೇಗ ಮಾಗುತ್ತದೆ. ಮರವನ್ನು ಕಾಣುವುದಕ್ಕಿಂತ, ಮೂಸುವುದಕ್ಕಿಂತ ಮೊದಲೇ, ಮೈಗೆ ತಾಗಿದ ಹವೆಯೂ ಮರದ ನೆನಪೂ ಸೇರಿ ಅವುಗಳ ದಾರಿಯನ್ನು ನಿರ್ಧರಿಸುತ್ತಿದ್ದವು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಫಲಿತಾಂಶ ಇದು.

ಸಂಶೋಧಕರು ಹಿಂಡಿನ ಹಿಂದೆ ಓಡಾಡುವಾಗ ಬರೆದುಕೊಳ್ಳುವುದು ಏನನ್ನು?

ಒಂದು ಕೋತಿಯನ್ನು ಆರಿಸಿಕೊಂಡು, ನಿಗದಿತ ಅವಧಿಯವರೆಗೆ ಅದೊಂದನ್ನೇ ನೋಡುತ್ತ, ಅದು ಮಾಡಿದ್ದನ್ನೆಲ್ಲ ದಾಖಲಿಸುವುದು ಸಾಮಾನ್ಯ ವಿಧಾನ. ಇದನ್ನು ಜೀನ್ ಆಲ್ಟ್‌ಮನ್ 1974ರ ಪ್ರಬಂಧದಲ್ಲಿ ವ್ಯವಸ್ಥಿತವಾಗಿ ವಿವರಿಸಿದರು. ಇಂದ್ರಿಯಗಳ ಅಧ್ಯಯನದಲ್ಲಿ ಪ್ರತಿಯೊಂದು ಹಣ್ಣಿಗೂ ಒಂದು ಸಾಲು ಇರುತ್ತದೆ: ನೋಡಿತೇ, ಮೂಸಿತೇ, ಮುಟ್ಟಿತೇ, ಕಚ್ಚಿತೇ, ಕೊನೆಗೆ ತಿಂದಿತೇ ಬಿಟ್ಟಿತೇ. ಮೂಸುವುದು ಎಂದರೇನು ಎಂಬುದನ್ನೂ ಮೊದಲೇ ನಿಷ್ಕರ್ಷಿಸಿ, ಎಲ್ಲ ವೀಕ್ಷಕರೂ ಒಂದೇ ಬಗೆಯಲ್ಲಿ ಬರೆಯುತ್ತಿದ್ದಾರೆಯೇ ಎಂದು ಆಗಾಗ ತಾಳೆ ನೋಡಬೇಕು. ಹಣ್ಣನ್ನು ಮೂಗಿನ ಹತ್ತಿರ ತಂದದ್ದು ಕಣ್ಣಿಗೆ ಕಾಣುತ್ತದೆ, ಗಾಳಿಯಲ್ಲಿ ತೇಲಿಬಂದ ವಾಸನೆಯನ್ನು ಹೀರಿದ್ದು ಕಾಣುವುದಿಲ್ಲ. ಆದ್ದರಿಂದ ಮೂಗಿನ ಪಾಲನ್ನು ಇಂಥ ದಾಖಲೆಗಳು ಕಡಿಮೆಯಾಗಿಯೇ ತೋರಿಸುತ್ತವೆ ಎಂದು ಓದುಗರು ನೆನಪಿಟ್ಟುಕೊಳ್ಳಬೇಕು.

ಮನುಷ್ಯರು ಹತ್ತಿರವಿದ್ದರೆ ಕೋತಿಗಳ ವರ್ತನೆಯೇ ಬದಲಾಗುವುದಿಲ್ಲವೇ?

ಬದಲಾಗುತ್ತದೆ, ಅದಕ್ಕಾಗಿಯೇ ಮೊದಲು ಅವುಗಳನ್ನು ಒಗ್ಗಿಸಬೇಕು. ತಿಂಡಿ ಕೊಡದೆ, ಅಟ್ಟದೆ, ದಿನವೂ ಅಷ್ಟು ದೂರದಲ್ಲಿ ಸುಮ್ಮನೆ ಇದ್ದು ಇದ್ದು, ಸಂಶೋಧಕರು ಕಾಡಿನ ಇನ್ನೊಂದು ಮರದಂತೆ ಆಗುವವರೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಒಗ್ಗಿಸುವುದರಲ್ಲಿ ಅಪಾಯವೂ ಇದೆ. ಮನುಷ್ಯರಿಗೆ ಹೆದರದ ಕೋತಿ ಬೇಟೆಗಾರನಿಗೂ ಹೆದರುವುದಿಲ್ಲ; ನಮ್ಮ ಶ್ವಾಸಕೋಶದ ಸೋಂಕುಗಳು ಅವಕ್ಕೆ ಹರಡಬಲ್ಲವು. ಅಂತರ ಕಾಯ್ದುಕೊಳ್ಳುವುದು, ನೆಗಡಿಯಾದವರು ಕಾಡಿಗೆ ಹೋಗದಿರುವುದು, ಮುಖಗವಸು ತೊಡುವುದು ಈ ಕಾರಣದಿಂದಲೇ.

ಸಂಶೋಧಕರಲ್ಲದವರು ಇಂಥದ್ದನ್ನು ಗಮನಿಸಬಹುದೇ?

ಖಂಡಿತ, ಒಂದು ಬೈನಾಕ್ಯುಲರ್ ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ಹಣ್ಣಾಗಿರುವ ಕಾಡುಮರದಲ್ಲಿ ತಿನ್ನುತ್ತಿರುವ ಒಂದೇ ಒಂದು ಕೋತಿಯನ್ನು ಹತ್ತು ನಿಮಿಷ ನೋಡಿ, ಪ್ರತಿ ಹಣ್ಣಿಗೂ ಮೇಲೆ ಹೇಳಿದ ಸಾಲನ್ನು ತುಂಬಿ. ಆಮೇಲೆ ಬೇರೆ ಕೋತಿಯನ್ನು ನೋಡಿ. ಮರಿಗಳು ದೊಡ್ಡವುಗಳಿಗಿಂತ ಹೆಚ್ಚು ಮೂಸುತ್ತವೆಯೇ, ಬಣ್ಣ ಬದಲಾಗದ ಹಣ್ಣಿನಲ್ಲಿ ಮುಟ್ಟಿ ನೋಡುವುದು ಹೆಚ್ಚೇ ಎಂಬ ಪ್ರಶ್ನೆಗಳಿಗೆ ಕೆಲವು ವಾರಗಳ ಟಿಪ್ಪಣಿಯಿಂದ ಸ್ಥೂಲವಾದ ಉತ್ತರ ಸಿಗುತ್ತದೆ. ಜನ ತಿಂಡಿ ಹಾಕುವ ಜಾಗಗಳನ್ನು ಬಿಟ್ಟುಬಿಡಿ. ಬಂಡೀಪುರದ ಬಾನೆಟ್ ಮಕಾಕ್‌ಗಳು ಪ್ರವಾಸಿಗರ ಮುಂದೆ ಕೂಗಿ, ಕೈಚಾಚಿ ಆಹಾರ ಕೇಳುವುದನ್ನು ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ ಮತ್ತು ಅನಿಂದ್ಯ ಸಿನ್ಹಾ 2018ರಲ್ಲಿ ವಿವರಿಸಿದ್ದಾರೆ. ಅದು ತನ್ನಷ್ಟಕ್ಕೆ ಕುತೂಹಲಕರವಾದ ಅಧ್ಯಯನವೇ ಆದರೂ, ಅಂಥ ಕಡೆ ಕೋತಿ ಹಣ್ಣನ್ನು ಹೇಗೆ ಆರಿಸುತ್ತದೆ ಎಂಬುದು ತಿಳಿಯುವುದಿಲ್ಲ. ಕೆಳಗೆ ಬಿದ್ದ ಹಣ್ಣನ್ನು ಪರೀಕ್ಷಿಸಬೇಕೆನಿಸಿದರೆ ಹಿಂಡು ಮುಂದೆ ಹೋಗುವವರೆಗೆ ಕಾಯಿರಿ, ಕೈಗವಸು ತೊಟ್ಟು ಎತ್ತಿಕೊಳ್ಳಿ, ಸಂರಕ್ಷಿತ ಅರಣ್ಯವಾಗಿದ್ದರೆ ಅದನ್ನು ಅಲ್ಲಿಯೇ ನೋಡಿ ಅಲ್ಲಿಯೇ ಬಿಡಿ.